ಪೆಟ್ಟಿಗೆಯೊಳಗಿನ ಬಾಲಕನೂ ಕಾನೂನಿನ ಮೇಲಣ ನಂಬಿಕೆಯೂ

ಅತಿಮಾನವ ವೀರರ ಕಥೆಗಳೆಂದರೆ ಮನೆಯ ಹಿರಿಯರಿಗೆ ತಾತ್ಸಾರ, ಕಿರಿಯರಿಗೆ ಹುಚ್ಚು. 1997ರಲ್ಲಿ ದೂರದರ್ಶನದಲ್ಲಿ ‘ಶಕ್ತಿಮಾನ್’ ಆರಂಭವಾದ ಮೇಲೆ ಎಷ್ಟು ಮನೆಗಳಲ್ಲಿ ಹುಡುಗರು ಕೈ ಮೇಲೆತ್ತಿ ಗಿರಗಿರನೆ ತಿರುಗಿ ಹಣೆ ಒಡೆದುಕೊಂಡರೆಂಬುದನ್ನು ಆ ಕಾಲದ ತಾಯಂದಿರೇ ಹೇಳಬೇಕು. ನಾವು ಮೊದಲಿನಿಂದಲೂ ತಾತ್ಸಾರದವರ ಸಾಲಿನಲ್ಲಿದ್ದವರು. ಮುಖಕ್ಕೊಂದು ಮುಸುಕು, ಬೆನ್ನಿಗೊಂದು ಹೊದಿಕೆ, ಎದುರಿಗೊಬ್ಬ ದುಷ್ಟ, ಕಡೆಗೆ ಗೆಲುವು; ಇಷ್ಟರಲ್ಲಿ ವಿಚಾರಮಾಡತಕ್ಕದ್ದೇನಿದೆ ಎಂಬುದೇ ನಮ್ಮ ಭಾವನೆಯಾಗಿತ್ತು.

ಆ ಭಾವನೆಯನ್ನು ಅಲುಗಿಸಿದ್ದು ಬಂಧುಗಳ ಮನೆಯಲ್ಲಿ ಕಾಲೇಜು ಓದುತ್ತಿರುವ ಹುಡುಗ. ಹಬ್ಬಕ್ಕೆಂದು ಹೋಗಿದ್ದೆವು. ಊಟವಾದ ಮೇಲೆ ಅವನು ಟಿ.ವಿ. ಮುಂದೆ ಕುರ್ಚಿ ಎಳೆದು, “ಕಾಕಾ, ಬರೇ ಹತ್ತು ನಿಮಿಷ ನೋಡ್ರಿ. ಬ್ಯಾಡ ಅನಿಸಿದ್ರ ಎದ್ದು ಹೋಗ್ರಿ” ಎಂದ. ಕಂತು ಮುಗಿಯುವವರೆಗೂ ನಾವು ಏಳಲಿಲ್ಲ. ಅನಂತರದ ದಿನಗಳಲ್ಲಿ ಅದರ ಹಿಂದಿರುವ ಚರಿತ್ರೆಯನ್ನು ಹುಡುಕಿ ಓದುವುದರಲ್ಲಿ ಕಳೆದ ಹೊತ್ತು ಆ ಕಂತಿನ ಹೊತ್ತಿಗಿಂತ ಎಷ್ಟೋ ಪಾಲು ಹೆಚ್ಚು. ಓದಿ ತಿಳಿದದ್ದನ್ನು ನಮ್ಮ ವಾಚಕರ ಮುಂದಿಡಬೇಕೆನ್ನಿಸಿತು.

ಧಾರಾವಾಹಿಯ ಹೆಸರು ‘ವಾಚ್‌ಮೆನ್’. ಅಮೆರಿಕೆಯ ಎಚ್‌ಬಿಒ ವಾಹಿನಿಯಲ್ಲಿ 2019ರ ಅಕ್ಟೋಬರ್ 20ರಂದು ಇದರ ಮೊದಲ ಕಂತು ಪ್ರಸಾರವಾಯಿತು. ಒಟ್ಟು ಒಂಬತ್ತು ಕಂತುಗಳು. ಅದೇ ಡಿಸೆಂಬರಿನಲ್ಲಿ ಕಥೆ ಮುಗಿಯಿತು. ರೂಪಿಸಿದವರು ಡೇಮನ್ ಲಿಂಡೆಲಾಫ್, ಮೊದಲ ಕಂತನ್ನು ನಿರ್ದೇಶಿಸಿದವರು ನಿಕೋಲ್ ಕ್ಯಾಸೆಲ್ ಎಂಬ ಮಹಿಳೆ. ಇದಕ್ಕೆ ಮೂಲವಾದದ್ದು 1986-87ರಲ್ಲಿ ಹನ್ನೆರಡು ಸಂಚಿಕೆಗಳಾಗಿ ಹೊರಬಂದ ಅದೇ ಹೆಸರಿನ ಚಿತ್ರಕಥಾಮಾಲೆ. ಅದನ್ನು ಬರೆದವರು ಆಲನ್ ಮೂರ್, ಚಿತ್ರ ಬರೆದವರು ಡೇವ್ ಗಿಬನ್ಸ್, ಇಬ್ಬರೂ ಇಂಗ್ಲೆಂಡಿನವರು. ಮುಸುಕು ತೊಟ್ಟು ಜನರನ್ನು ಕಾಯುತ್ತೇವೆಂದು ಹೊರಟವರು ತಾವೇ ಬೇಲಿಯಾಗಿ ಎದ್ದು ಹೊಲ ಮೇಯತೊಡಗಿದರೆ ಗತಿಯೇನು ಎಂಬುದು ಆ ಪುಸ್ತಕದ ಪ್ರಶ್ನೆ. ತನ್ನ ಕೃತಿಗಳನ್ನು ಆಧರಿಸಿದ ಚಲನಚಿತ್ರಗಳೊಡನೆ ಯಾವ ಸಂಬಂಧವೂ ತನಗೆ ಬೇಡವೆಂದು ಮೂರ್ ಬಹುಹಿಂದೆಯೇ ದೂರ ಸರಿದವರು. ಈ ಧಾರಾವಾಹಿಯ ಶೀರ್ಷಿಕೆಯಲ್ಲಿಯೂ ಗಿಬನ್ಸರ ಹೆಸರಿದೆ, ಮೂರ್ ಅವರದಿಲ್ಲ. ಕೀರ್ತಿಯ ಹಂಬಲದ ಈ ದಿನಗಳಲ್ಲಿ ಇಂಥದೂ ಒಂದು ಹಟವಿದೆಯೆಂದು ನಮಗೆ ಸೋಜಿಗವಾಯಿತು.

ಇನ್ನು ಆ ಹತ್ತು ನಿಮಿಷಗಳ ಮಾತು.

ತೆರೆಯ ಮೇಲೆ ಕಪ್ಪುಬಿಳುಪಿನ ಮೂಕಿ ಚಿತ್ರವೊಂದು ಓಡುತ್ತಿದೆ. ಬಿಳಿಯ ಉಡುಪಿನ ಒಬ್ಬ ಬಿಳಿಯ ಶೆರೀಫ್ ಕುದುರೆಯೇರಿ ಓಡುತ್ತಿದ್ದಾನೆ. ಕಪ್ಪು ಮುಸುಕಿನ ಸವಾರನೊಬ್ಬ ಬೆನ್ನಟ್ಟಿ ಬಂದು ಹಗ್ಗ ಬೀಸಿ ಅವನನ್ನು ಕೆಡವುತ್ತಾನೆ. ಇಗರ್ಜಿಯಿಂದ ಜನ ಹೊರಬರುತ್ತಾರೆ. ಸವಾರ ಮುಸುಕು ತೆಗೆದರೆ ಅವನು ಕಪ್ಪು ಜನಾಂಗದವನು, ಎದೆಯ ಮೇಲೆ ಸರಕಾರದ ಬಿಲ್ಲೆ. ನಿಮ್ಮ ದನಗಳನ್ನು ಕದ್ದವನು ಈ ಶೆರೀಫನೇ ಎಂದು ತಿಳಿಸುತ್ತಾನೆ. ಜನ ರೊಚ್ಚಿಗೆದ್ದು ಕಳ್ಳನನ್ನು ಅಲ್ಲಿಯೇ ನೇಣಿಗೇರಿಸಲು ಕೂಗುತ್ತಾರೆ. ಗುಂಪು ತೀರ್ಪು ಕೊಡಕೂಡದು, ಕಾನೂನನ್ನು ನಂಬಿರಿ ಎಂದು ಸವಾರ ಅವರನ್ನು ತಡೆಯುತ್ತಾನೆ. ಖಾಲಿ ಚಿತ್ರಮಂದಿರದಲ್ಲಿ ಕುಳಿತ ಪುಟ್ಟ ಬಾಲಕನೊಬ್ಬ ತೆರೆಯ ಮೇಲಿನ ಆ ಮಾತುಗಳನ್ನು ತಾನೂ ಉಚ್ಚರಿಸುತ್ತಾನೆ. ಆ ಚಿತ್ರವನ್ನು ಅವನು ಎಷ್ಟು ಸಲ ನೋಡಿದ್ದಾನೋ, ಎಲ್ಲವೂ ಬಾಯಿಪಾಠ. ಪಕ್ಕದಲ್ಲಿ ಪಿಯಾನೊ ನುಡಿಸುತ್ತಿರುವ ಅವನ ತಾಯಿಯ ಕಣ್ಣಲ್ಲಿ ನೀರು. ಹೊರಗೆ ಗುಂಡಿನ ಸದ್ದು.

ತಂದೆ ಸೈನಿಕನ ಉಡುಪಿನಲ್ಲಿ, ಕೈಯಲ್ಲಿ ಬಂದೂಕು ಹಿಡಿದು ಒಳಗೆ ಬರುತ್ತಾನೆ. ಮೂವರೂ ಬೀದಿಗೆ ಓಡುತ್ತಾರೆ. ಬೀದಿಯಲ್ಲಿ ಅಂಗಡಿಗಳು ಉರಿಯುತ್ತಿವೆ, ಓಡುವವರನ್ನು ಗುಂಡಿಕ್ಕಿ ಕೆಡವುತ್ತಿದ್ದಾರೆ, ಮೇಲಿನಿಂದ ವಿಮಾನ ಬೆಂಕಿ ಸುರಿಸುತ್ತಿದೆ. ಊರು ಬಿಡುತ್ತಿರುವ ಪರಿಚಿತರ ವಾಹನದಲ್ಲಿ ಮಗುವಿಗೆ ಮಾತ್ರ ಎಡೆಯಿದೆ. ತಂದೆ ಅವನನ್ನು ಒಂದು ಪೆಟ್ಟಿಗೆಯೊಳಗೆ ಮಲಗಿಸಿ, ಈ ಮಗುವನ್ನು ನೋಡಿಕೊಳ್ಳಿರೆಂದು ಬರೆದ ಚೀಟಿಯೊಂದನ್ನು ಕೊಡುತ್ತಾನೆ. ಬಾಲಕ ಮತ್ತೆ ಕಣ್ಣು ಬಿಟ್ಟಾಗ ರಾತ್ರಿ. ವಾಹನದವರು ಸತ್ತುಬಿದ್ದಿದ್ದಾರೆ. ಹುಲ್ಲಿನಲ್ಲಿ ಎಳೆಯ ಕೂಸೊಂದು ಅಳುತ್ತಿದೆ, ಅದಕ್ಕೆ ಸುತ್ತಿದ್ದು ಅಮೆರಿಕೆಯ ರಾಷ್ಟ್ರಧ್ವಜ. ಬಾಲಕ ಅದನ್ನೆತ್ತಿಕೊಂಡು, ಹಿಂದೆ ಉರಿಯುತ್ತಿರುವ ಊರನ್ನು ಒಮ್ಮೆ ನೋಡಿ, ನಡೆದುಹೋಗುತ್ತಾನೆ.

ಮಗುವನ್ನು ಪೆಟ್ಟಿಗೆಯಲ್ಲಿಟ್ಟು ಬಿಟ್ಟುಕೊಡುವ ತಾಯಿಯ ಕಥೆ ನಮಗೆ ಹೊಸತಲ್ಲ. ಗಂಗೆಯ ಪಾಲಾದ ಕರ್ಣನ ಪ್ರಸಂಗವನ್ನು ಬಯಲಾಟಗಳಲ್ಲಿ ನೋಡಿ ಕಣ್ಣೊರೆಸಿಕೊಂಡವರು ನಮ್ಮ ಅಜ್ಜಿಯರು. ಅಮೆರಿಕನ್ನರಿಗೆ ಇದೇ ಕಥೆ 1938ರಲ್ಲಿ ಪ್ರಕಟವಾದ ಸೂಪರ್‌ಮ್ಯಾನನ ರೂಪದಲ್ಲಿ ಪರಿಚಿತ. ನಾಶವಾಗುತ್ತಿರುವ ಗ್ರಹದಿಂದ ತಂದೆತಾಯಿಗಳು ಕೂಸನ್ನು ನೌಕೆಯಲ್ಲಿಟ್ಟು ಭೂಮಿಗೆ ಕಳಿಸುತ್ತಾರೆ, ಅದು ಬೆಳೆದು ಜಗತ್ತನ್ನು ಕಾಯುತ್ತದೆ. ‘ವಾಚ್‌ಮೆನ್’ ಆ ಕಥೆಯನ್ನು ಆಕಾಶದಿಂದ ನೆಲಕ್ಕಿಳಿಸಿದೆ. ಇಲ್ಲಿ ನಾಶವಾದದ್ದು ಬೇರೊಂದು ಗ್ರಹವಾಗಿರದೆ ಅಮೆರಿಕೆಯದೇ ಒಂದು ಊರು. ತೆರೆಯ ಮೇಲೆ ಮೂಡುವ ಅಕ್ಷರಗಳು ಅದರ ಹೆಸರನ್ನೂ ವರ್ಷವನ್ನೂ ಹೇಳುತ್ತವೆ: ಟಲ್ಸಾ, 1921.

ಅಂದು ರಾತ್ರಿ ಅಮೆರಿಕೆಯ ಬಹುಮಂದಿ ಪ್ರೇಕ್ಷಕರು ಇದನ್ನು ಕಥೆಗಾರರ ಕಲ್ಪನೆಯೆಂದೇ ತಿಳಿದರಂತೆ. ಹಾರುವ ಯಂತ್ರಗಳೂ ಮುಸುಕಿನ ಪೊಲೀಸರೂ ಇರುವ ಧಾರಾವಾಹಿಯಲ್ಲಿ ಒಂದು ಊರನ್ನು ಸುಟ್ಟ ದೃಶ್ಯವೂ ಕಟ್ಟುಕಥೆಯೇ ಇರಬೇಕೆಂದುಕೊಂಡು, ಅನಂತರ ಹುಡುಕಿ ನೋಡಿ, ನಿಜವೆಂದರಿತು ದಿಗ್ಭ್ರಾಂತರಾದವರು ಎಷ್ಟೋ ಜನ. ಕಥೆಯನ್ನು ರೂಪಿಸಿದ ಲಿಂಡೆಲಾಫ್ ಅವರೇ ಈ ಸಂಗತಿಯನ್ನು ಮೊದಲು ತಿಳಿದದ್ದು 2014ರಲ್ಲಿ, ಟಾ-ನಹಾಸಿ ಕೋಟ್ಸ್ ಎಂಬ ಲೇಖಕರು ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಬರೆದ ಪ್ರಬಂಧದಿಂದ. ಓದುಬರಹ ಬಲ್ಲ, ನಡುವಯಸ್ಸು ದಾಟುತ್ತಿದ್ದ ಒಬ್ಬ ಅಮೆರಿಕನ್ ಕಥೆಗಾರನಿಗೆ ತನ್ನ ದೇಶದ ಇಷ್ಟು ದೊಡ್ಡ ದುರಂತ ಅಲ್ಲಿಯವರೆಗೆ ಗೊತ್ತಿರಲಿಲ್ಲ!

ನಡೆದದ್ದೇನು? ಒಕ್ಲಹೋಮ ರಾಜ್ಯದ ಟಲ್ಸಾದಲ್ಲಿ ರೈಲುಹಳಿಯ ಉತ್ತರಕ್ಕೆ ಗ್ರೀನ್‌ವುಡ್ ಎಂಬ ಬಡಾವಣೆಯಿತ್ತು. ಎಣ್ಣೆಬಾವಿಗಳಿಂದ ಊರು ಸಿರಿವಂತವಾದ ಕಾಲ. ಬಿಳಿಯರ ಅಂಗಡಿಗಳಲ್ಲಿ ಪ್ರವೇಶವಿಲ್ಲದ ಕಪ್ಪು ಜನ ತಮ್ಮವೇ ಅಂಗಡಿ, ಹೋಟೆಲು, ಪತ್ರಿಕೆ, ವೈದ್ಯಶಾಲೆ, ಶಾಲೆ, ಪ್ರಾರ್ಥನಾಮಂದಿರಗಳನ್ನು ಕಟ್ಟಿಕೊಂಡಿದ್ದರು. ಕಪ್ಪು ಜನರ ವಾಲ್ ಸ್ಟ್ರೀಟ್ ಎಂದೇ ಅದಕ್ಕೆ ಹೆಸರು ಬಂದಿತು. ಧಾರಾವಾಹಿಯಲ್ಲಿ ಬಾಲಕ ಕುಳಿತಿರುವ ‘ಡ್ರೀಮ್‌ಲ್ಯಾಂಡ್’ ಚಿತ್ರಮಂದಿರವೂ ನಿಜವಾಗಿ ಅಲ್ಲಿದ್ದದ್ದೇ. ಲೂಲಾ ಮತ್ತು ಜಾನ್ ವಿಲಿಯಮ್ಸ್ ದಂಪತಿಗಳು ಅದರ ಒಡೆಯರು.

1921ರ ಮೇ 30ರಂದು ಬೂಟು ಉಜ್ಜುವ ಡಿಕ್ ರೋಲೆಂಡ್ ಎಂಬ 19 ವರ್ಷದ ಕಪ್ಪು ಹುಡುಗನೊಬ್ಬ ಒಂದು ಕಟ್ಟಡದ ಲಿಫ್ಟ್ ಹತ್ತಿದ. ಲಿಫ್ಟ್ ನಡೆಸುತ್ತಿದ್ದವಳು ಸಾರಾ ಪೇಜ್ ಎಂಬ ಬಿಳಿಯ ಹುಡುಗಿ. ಅವಳು ಚೀರಿದ್ದು ಕೇಳಿಸಿತು, ಅವನು ಓಡಿಹೋದ. ಒಳಗೆ ನಡೆದದ್ದೇನೆಂಬುದು ಇಂದಿಗೂ ಖಚಿತವಿಲ್ಲ. ಕಾಲು ಎಡವಿ ಅವಳ ತೋಳು ಹಿಡಿದಿರಬಹುದೆಂಬುದು ಬಹುಜನರ ಊಹೆ. ಮುಂದೆ ಅವನ ಮೇಲಿನ ಮೊಕದ್ದಮೆಯೇ ಬಿದ್ದುಹೋಯಿತು. ಆದರೆ ಮರುದಿನದ ‘ಟಲ್ಸಾ ಟ್ರಿಬ್ಯೂನ್’ ಸಂಜೆಪತ್ರಿಕೆ, ಹುಡುಗಿಯ ಮೇಲೆ ಆಕ್ರಮಣವೆಂದು ಮುಖಪುಟದಲ್ಲಿ ಸುದ್ದಿ ಹಾಕಿತು. ಕತ್ತಲಾಗುವ ಹೊತ್ತಿಗೆ ನ್ಯಾಯಾಲಯದ ಮುಂದೆ ಬಿಳಿಯರ ಗುಂಪು ನೆರೆಯಿತು.

ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಅಂದಿನ ಶೆರೀಫ್ ಹುಡುಗನನ್ನು ಗುಂಪಿಗೆ ಒಪ್ಪಿಸಲಿಲ್ಲ. ಲಿಫ್ಟ್ ನಿಲ್ಲಿಸಿ, ಮೆಟ್ಟಿಲ ಮೇಲೆ ಬಂದೂಕಿನವರನ್ನಿಟ್ಟು ಮೇಲಂತಸ್ತಿನಲ್ಲಿ ಅವನನ್ನು ಕಾಪಾಡಿದ. ಆದರೆ ಗ್ರೀನ್‌ವುಡ್‌ನವರಿಗೆ ಅಷ್ಟು ಭರವಸೆ ಸಾಲದಾಯಿತು. ಹಿಂದಿನ ವರ್ಷವಷ್ಟೇ ಅದೇ ಸೆರೆಮನೆಯಿಂದ ಒಬ್ಬ ಬಿಳಿಯ ಕೈದಿಯನ್ನು ಗುಂಪು ಎಳೆದೊಯ್ದು ಕೊಂದಿತ್ತು. ಬಿಳಿಯನಿಗೇ ಆ ಗತಿಯಾದರೆ ಕಪ್ಪು ಹುಡುಗನ ಪಾಡೇನು? ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನವರೆಗೆ ಹೋಗಿ ಬಂದಿದ್ದ ಸೈನಿಕರೂ ಸೇರಿದಂತೆ ಸುಮಾರು 75 ಮಂದಿ ಬಂದೂಕು ಹಿಡಿದು, ಹುಡುಗನ ರಕ್ಷಣೆಗೆ ನಾವೂ ನಿಲ್ಲುತ್ತೇವೆಂದು ನ್ಯಾಯಾಲಯಕ್ಕೆ ಬಂದರು. ತಳ್ಳಾಟದಲ್ಲಿ ಒಂದು ಗುಂಡು ಹಾರಿತು. ಅಲ್ಲಿಂದ ಜೂನ್ 1ರ ಮಧ್ಯಾಹ್ನದವರೆಗೆ ನಡೆದದ್ದನ್ನು ಯುದ್ಧವೆನ್ನಬಹುದೇ ಹೊರತು ಜಗಳವೆನ್ನಲಾಗದು. ಪಟ್ಟಣದ ಅಧಿಕಾರಿಗಳು ಆ ಗುಂಪಿನಲ್ಲಿದ್ದವರನ್ನೇ ವಿಶೇಷ ಪೊಲೀಸರೆಂದು ನೇಮಿಸಿದರು; ಹಾಗೆ ಅಧಿಕಾರ ಪಡೆದವರೂ ಮನೆಗಳಿಗೆ ಬೆಂಕಿಯಿಟ್ಟರೆಂದು ಮುಂದೆ ತನಿಖೆ ನಡೆಸಿದ ಆಯೋಗ ಹೇಳಿತು. ಬೇಲಿ ಹೊಲ ಮೇಯುವುದೆಂದರೆ ಇದೇ.

ಸುಮಾರು 35 ಬೀದಿಚೌಕಗಳು ಬೂದಿಯಾದವು. ರೆಡ್‌ಕ್ರಾಸ್ ಎಣಿಸಿದ ಪ್ರಕಾರ ಸುಟ್ಟುಹೋದ ಮನೆಗಳು 1,256. ಸುಡದೆ ಲೂಟಿಯಾದವು 215. ಸತ್ತವರು 36 ಎಂಬುದು ಸರಕಾರಿ ಲೆಕ್ಕ, 300ರವರೆಗೆ ಇರಬಹುದೆಂಬುದು ಚರಿತ್ರಕಾರರ ಅಂದಾಜು. ಆರು ಸಾವಿರಕ್ಕೂ ಹೆಚ್ಚು ಕಪ್ಪು ಜನರನ್ನು ಹಿಡಿದು ಸಭಾಭವನದಲ್ಲಿಯೂ ಜಾತ್ರೆಮೈದಾನದಲ್ಲಿಯೂ ಕೂಡಿಹಾಕಿದರು. ಮನೆ ಕಳೆದುಕೊಂಡವರು ಚಳಿಗಾಲವನ್ನು ಗುಡಾರಗಳಲ್ಲಿ ಕಳೆದರು. ಅಂದು ಕೊಂದವರಲ್ಲಿ, ಸುಟ್ಟವರಲ್ಲಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಅದನ್ನು ‘ದಂಗೆ’ ಎಂದು ಕರೆದದ್ದರಿಂದ, ದಂಗೆಯ ನಷ್ಟ ತಮ್ಮ ಕರಾರಿನಲ್ಲಿಲ್ಲವೆಂದು ವಿಮಾಸಂಸ್ಥೆಗಳು ಕೈತೊಳೆದುಕೊಂಡವು. ಒಂದು ಶಬ್ದದಿಂದ ಎಷ್ಟು ಮನೆಗಳ ಹಣ ಹೋಗುತ್ತದೆ ನೋಡಿರಿ.

ಮುಂದೆ ಬಂದದ್ದು ಮೌನ. ಆ ‘ಟ್ರಿಬ್ಯೂನ್’ ಪತ್ರಿಕೆಯ ಹಳೆಯ ಸಂಪುಟಗಳನ್ನು ಮೈಕ್ರೊಫಿಲ್ಮ್ ಮಾಡಲು ತೆಗೆದಾಗ ಮೇ 31ರ ಮುಖಪುಟದ ಆ ಸುದ್ದಿಯ ಭಾಗವನ್ನು ಯಾರೋ ಮೊದಲೇ ಹರಿದುಹಾಕಿದ್ದರು. ಶಾಲೆಯ ಪುಸ್ತಕಗಳಲ್ಲಿ ಇದರ ಮಾತಿಲ್ಲ. ಬಿಳಿಯರು ನಾಚಿಕೆಗೆ ಬಾಯಿ ಮುಚ್ಚಿದರೆ, ಬದುಕುಳಿದವರು ಮಕ್ಕಳಿಗೆ ಭಯ ಹುಟ್ಟಬಾರದೆಂದು ಬಾಯಿ ಮುಚ್ಚಿದರು. ರಾಜ್ಯ ಆಯೋಗವೊಂದನ್ನು ನೇಮಿಸಿದ್ದು 1997ರಲ್ಲಿ, ಅದರ ವರದಿ ಬಂದದ್ದು 2001ರಲ್ಲಿ. ಎಂಬತ್ತು ವರ್ಷ ಮುಚ್ಚಿದ್ದ ಬಾಗಿಲನ್ನು ಆ ವರದಿ ತೆರೆಯಿತು. ತೆರೆದ ಬಾಗಿಲತ್ತ ಲಕ್ಷಾಂತರ ಜನ ತಿರುಗಿ ನೋಡುವಂತೆ ಮಾಡಿದ್ದು ಈ ಧಾರಾವಾಹಿಯ ಮೊದಲ ಕೆಲವು ನಿಮಿಷಗಳು. ಮುಸುಕು ವೀರರ ಕಥೆಯಿಂದ ಇಂಥ ಕೆಲಸ ಆಗಬಲ್ಲುದೆಂದು ನಾವು ಎಣಿಸಿರಲಿಲ್ಲ.

ಆದರೆ ಕಂತು ಅಲ್ಲಿಗೆ ಮುಗಿಯುವುದಿಲ್ಲ. ನಮ್ಮನ್ನು ಹೆಚ್ಚು ಕಾಡಿದ್ದು ಅದರ ಉಳಿದ ಭಾಗ ಎತ್ತುವ ಪ್ರಶ್ನೆಯೇ.

ಕಥೆ ಒಮ್ಮೆಲೇ 2019ಕ್ಕೆ ಹಾರುತ್ತದೆ. ಇದು ನಮ್ಮ 2019 ಆಗಿರದೆ ಆ ಚಿತ್ರಕಥೆಯ ಜಗತ್ತಿನ 2019. ಅಲ್ಲಿ ವಿಯೆಟ್ನಾಂ ಅಮೆರಿಕೆಯ 51ನೆಯ ರಾಜ್ಯ, ನಟ ರಾಬರ್ಟ್ ರೆಡ್‌ಫೋರ್ಡ್ ರಾಷ್ಟ್ರಾಧ್ಯಕ್ಷ, ಆಗಾಗ ಆಕಾಶದಿಂದ ಸಣ್ಣ ಸಣ್ಣ ಕಡಲಜೀವಿಗಳ ಮಳೆ. (ಈ ಮಳೆಯ ಅರ್ಥವನ್ನು ಹುಡುಗ ನಮಗೆ ಎರಡು ಸಲ ವಿವರಿಸಿದ. ಎರಡನೆಯ ಸಲ ಅರ್ಥವಾದವರಂತೆ ತಲೆಯಾಡಿಸಿದೆವು.) ಟಲ್ಸಾದಲ್ಲಿ ಪೊಲೀಸರೆಲ್ಲ ಹಳದಿ ಮುಸುಕು ತೊಟ್ಟೇ ಕೆಲಸ ಮಾಡುತ್ತಾರೆ. ಕಾರಣ, ಮೂರು ವರ್ಷಗಳ ಹಿಂದೆ ಕ್ರಿಸ್‌ಮಸ್ ಹಿಂದಿನ ರಾತ್ರಿ ‘ಏಳನೆಯ ಅಶ್ವದಳ’ವೆಂಬ ಬಿಳಿಯ ದ್ವೇಷಿಗಳ ಕೂಟವೊಂದು ಪೊಲೀಸರ ಮನೆಗಳಿಗೆ ನುಗ್ಗಿ ಕೊಲೆಗೈದಿದೆ. ಗುರುತು ಸಿಕ್ಕಿದರೆ ಹೆಂಡಿರು ಮಕ್ಕಳಿಗೆ ಅಪಾಯ. ಅಶ್ವದಳದವರೂ ಮುಸುಕಿನವರೇ. ಹೀಗೆ ಕಾಯುವವನ ಮುಖವೂ ಕಾಣದು, ಕೊಲ್ಲುವವನ ಮುಖವೂ ಕಾಣದು.

ಕಥಾನಾಯಕಿ ಆಂಜೆಲಾ ಏಬರ್. ಈ ಪಾತ್ರವನ್ನು ರೆಜಿನಾ ಕಿಂಗ್ ವಹಿಸಿದ್ದಾರೆ. ಮೊದಲು ನಾವು ಅವಳನ್ನು ನೋಡುವುದು ಮಗನ ಶಾಲೆಯ ತರಗತಿಯಲ್ಲಿ, ತತ್ತಿಯ ಬಿಳಿಯನ್ನೂ ಹಳದಿಯನ್ನೂ ಬೇರ್ಪಡಿಸುವುದನ್ನು ಮಕ್ಕಳಿಗೆ ತೋರಿಸುವ ತಾಯಿಯಾಗಿ. ಪೊಲೀಸು ನೌಕರಿ ಬಿಟ್ಟು ಬೇಕರಿ ತೆರೆಯುವವಳು ಎಂದು ಎಲ್ಲರೂ ನಂಬಿದ್ದಾರೆ. ರಾತ್ರಿ ಅವಳು ಸನ್ಯಾಸಿನಿಯ ಕಪ್ಪು ನಿಲುವಂಗಿ ತೊಟ್ಟು, ಕಣ್ಣಿನ ಸುತ್ತ ಕಪ್ಪು ಬಳಿದು ‘ಸಿಸ್ಟರ್ ನೈಟ್’ ಆಗುತ್ತಾಳೆ. ಒಬ್ಬ ಸಂಶಯಿತನನ್ನು ಅವನ ಮನೆಯಿಂದಲೇ ಹೊಡೆದು ಎಳೆತಂದು ಕಾರಿನ ಡಿಕ್ಕಿಯಲ್ಲಿ ತುಂಬುತ್ತಾಳೆ. ವಾರಂಟಿಲ್ಲ, ವಕೀಲನಿಲ್ಲ. ವಿಚಾರಣೆಯ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಬಾಗಿಲ ಸಂದಿಯಿಂದ ರಕ್ತ ಹರಿದುಬರುತ್ತದೆ.

ಬೆಳಿಗ್ಗೆ ತರಗತಿಯಲ್ಲಿ ಕಂಡ ತಾಯಿಯೂ ಇವಳೇ. ಅವಳ ಕೋಪಕ್ಕೆ ಕಾರಣವಿದೆ, ನಮಗೂ ಅವಳ ಮೇಲೆ ಪ್ರೀತಿಯಿದೆ. ಅವಳು ಹಿಡಿದು ತಂದವನ ಮೇಲೆ ನಮಗೆ ಎಳ್ಳಷ್ಟೂ ಕನಿಕರ ಹುಟ್ಟುವುದಿಲ್ಲ. ನಾವು ನೋಡುತ್ತ ಕುಳಿತಾಗ ಒಳಗೊಳಗೇ ‘ಸರಿಯಾಯಿತು’ ಎಂದುಕೊಂಡೆವೆಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಕಥೆ ಆರಂಭವಾದದ್ದು ಕಾನೂನನ್ನು ನಂಬಿರೆಂಬ ಮೂಕಿ ಚಿತ್ರದಿಂದ, ಆ ಮಾತನ್ನು ಬಾಯಿಪಾಠ ಮಾಡಿಕೊಂಡ ಮಗುವಿನಿಂದ. ನಿರ್ದೇಶಕಿ ಅದನ್ನು ನೆನಪಿಸುವುದಿಲ್ಲ, ನೋಡುವವರೇ ನೆನಪಿಟ್ಟುಕೊಳ್ಳಬೇಕು.

ಕಂತಿನ ಕೊನೆಯಲ್ಲಿ ಪೊಲೀಸ್ ಮುಖ್ಯಸ್ಥ ಜಡ್ ಕ್ರಾಫರ್ಡ್ ಮರವೊಂದರಲ್ಲಿ ನೇತಾಡುತ್ತಿದ್ದಾನೆ. ಆಂಜೆಲಾಳ ಮನೆಯವರೊಡನೆ ಕುಳಿತು ಉಂಡು ಹಾಡಿದ, ಎಲ್ಲರ ಮೆಚ್ಚಿನ ಬಿಳಿಯ ಅಧಿಕಾರಿ. ಕಪ್ಪು ಜನರನ್ನು ಹಿಡಿದು ಮರಕ್ಕೆ ನೇತುಹಾಕುತ್ತಿದ್ದ ದೇಶದಲ್ಲಿ ಈ ಸಲ ಬಿಳಿಯನ ದೇಹ. ಮರದ ಕೆಳಗೆ ಗಾಲಿಕುರ್ಚಿಯಲ್ಲಿ ಮುಪ್ಪಿನ ಕಪ್ಪು ಮನುಷ್ಯನೊಬ್ಬ ಶಾಂತನಾಗಿ ಕುಳಿತಿದ್ದಾನೆ. ಅವನ ಬಳಿ ಮಾಸಿದ ಒಂದು ಚೀಟಿ, 1921ರಲ್ಲಿ ಬಾಲಕನ ಕೈಗೆ ತಂದೆ ಕೊಟ್ಟದ್ದು. ಈ ಮುದುಕನನ್ನು ಲೂಯಿಸ್ ಗಾಸೆಟ್ ಕಿರಿಯರು ಅಭಿನಯಿಸಿದ್ದಾರೆ. 2024ರಲ್ಲಿ ತೀರಿಕೊಂಡ ಈ ಹಿರಿಯ ನಟನ ಕಣ್ಣುಗಳನ್ನು ಆ ದೃಶ್ಯದಲ್ಲಿ ನೋಡಿದವರು ಮರೆಯಲಾರರು. ಮುಂದೇನಾಯಿತು, ಆ ಅಧಿಕಾರಿ ನಿಜಕ್ಕೂ ಎಂಥವನು ಎಂಬುದನ್ನು ಹೇಳಿ ನೋಡುವವರ ಕುತೂಹಲ ಕೆಡಿಸುವುದು ಬೇಡ.

ಧಾರಾವಾಹಿಗೆ 2020ರ ಎಮ್ಮಿ ಪ್ರಶಸ್ತಿಗಳಲ್ಲಿ 26 ನಾಮನಿರ್ದೇಶನಗಳೂ 11 ಪ್ರಶಸ್ತಿಗಳೂ ಬಂದವು. ರೆಜಿನಾ ಕಿಂಗ್ ಅವರದೂ ಅದರಲ್ಲಿ ಒಂದು. ಇನ್ನೊಂದು ಮಾತನ್ನು ತಾಯಿತಂದೆಗಳಿಗೆ ಸ್ಪಷ್ಟವಾಗಿ ಹೇಳಬೇಕು. ಇದು ಮಕ್ಕಳೊಡನೆ ಕುಳಿತು ನೋಡುವಂಥದ್ದಲ್ಲ. ರಕ್ತಪಾತವಿದೆ, ಒರಟು ಮಾತಿದೆ, ಗಂಡಹೆಂಡಿರ ಶೃಂಗಾರದ ದೃಶ್ಯವಿದೆ. ಸೂಪರ್‌ಹೀರೋ ಎಂಬ ಹೆಸರು ಕೇಳಿ ಹತ್ತು ವರ್ಷದವರ ಕೈಗೆ ಕೊಡತಕ್ಕ ಸರಕಲ್ಲ. ನಿಜವಾಗಿ ನಡೆದ ಕಗ್ಗೊಲೆಯನ್ನು ಮನರಂಜನೆಯ ಮೊದಲ ತುತ್ತಾಗಿ ಬಡಿಸಬಹುದೇ ಎಂಬ ಅಳುಕೂ ನಮಗಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಆದರೆ ಎಂಬತ್ತು ವರ್ಷ ಗಂಭೀರರಾದವರೆಲ್ಲ ಬಾಯಿ ಮುಚ್ಚಿ ಕುಳಿತ ಮೇಲೆ ಮಾತಾಡಿದವನ ವೇಷವನ್ನು ಹೆಚ್ಚು ಆಕ್ಷೇಪಿಸುವುದೂ ನ್ಯಾಯವಲ್ಲ.

ನಮ್ಮ ಮನಸ್ಸು ಮತ್ತೆ ಮತ್ತೆ ಹೋದದ್ದು ಆ ಮೂಕಿ ಚಿತ್ರದ ಸವಾರನ ಕಡೆಗೆ. ಚಿತ್ರ ಕಲ್ಪಿತ, ಸವಾರ ಕಲ್ಪಿತನಲ್ಲ. ಬ್ಯಾಸ್ ರೀವ್ಸ್ 1838ರಲ್ಲಿ ಆರ್ಕನ್ಸಾ ರಾಜ್ಯದಲ್ಲಿ ಗುಲಾಮನಾಗಿ ಹುಟ್ಟಿದವನು. ಅಂತರ್ಯುದ್ಧದ ಕಾಲದಲ್ಲಿ ತಪ್ಪಿಸಿಕೊಂಡು ಮೂಲನಿವಾಸಿಗಳ ಸೀಮೆಯನ್ನು ಸೇರಿ, 1875ರಲ್ಲಿ ಉಪಮಾರ್ಷಲ್ ಆಗಿ ನೇಮಕಗೊಂಡ. ಓದಲು ಬಾರದು. ವಾರಂಟುಗಳನ್ನು ಬೇರೆಯವರಿಂದ ಓದಿಸಿ ಬಾಯಿಪಾಠ ಮಾಡಿಕೊಂಡು, ಹಿಡಿಯುವಾಗ ಇಂಥವನಿಗೆ ಇಂಥ ಕಾಗದವೆಂದು ತಪ್ಪದೆ ತೆಗೆದುಕೊಡುತ್ತಿದ್ದನಂತೆ. 32 ವರ್ಷಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದು ನ್ಯಾಯಾಲಯಕ್ಕೊಪ್ಪಿಸಿದ. ಹೆಂಡತಿಯನ್ನು ಕೊಂದ ಆರೋಪ ಸ್ವಂತ ಮಗನ ಮೇಲೆಯೇ ಬಂದಾಗ, ಆ ವಾರಂಟನ್ನೂ ತಾನೇ ತೆಗೆದುಕೊಂಡು ಹೋಗಿ ಮಗನನ್ನು ಕರೆತಂದ. 1907ರಲ್ಲಿ ಒಕ್ಲಹೋಮ ರಾಜ್ಯವಾಯಿತು, ಅವನ ಮಾರ್ಷಲ್ ಕೆಲಸ ಮುಗಿಯಿತು. ಆ ಹೊಸ ರಾಜ್ಯದ ಸೆನೆಟ್ಟಿನ ಮೊಟ್ಟಮೊದಲ ಮಸೂದೆ ಯಾವುದು ಗೊತ್ತೆ? ರೈಲಿನಲ್ಲಿ ಕಪ್ಪು ಜನರಿಗೆ ಬೇರೆ ಡಬ್ಬಿ. ಜೀವಮಾನವೆಲ್ಲ ಕಾನೂನು ಕಾಯ್ದ ಮುದುಕ ಕಡೆಯ ವರ್ಷಗಳಲ್ಲಿ ಆ ಕಾನೂನಿನಂತೆ ಬೇರೆ ಡಬ್ಬಿಯಲ್ಲಿ ಕೂರಬೇಕಾಯಿತು. 1910ರಲ್ಲಿ ತೀರಿಕೊಂಡ.

ಇಂಥ ಕಾನೂನನ್ನು ನಂಬೆಂದು ಮಗುವಿಗೆ ಹೇಳಿಕೊಟ್ಟದ್ದು ಮೋಸವಾಗಲಿಲ್ಲವೇ? ನೋಡಿದ ರಾತ್ರಿ ಹುಡುಗ ನಮ್ಮನ್ನು ಕೇಳಿದ್ದು ಇದನ್ನೇ. “ಪೊಲೀಸರ ಬೆಂಕಿ ಹಚ್ಚಿದ ಮ್ಯಾಲ ಯಾರನ್ನ ನಂಬಬೇಕ್ರಿ ಕಾಕಾ?” ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಸಿಸ್ಟರ್ ನೈಟ್ ಕೊಡುವ ಉತ್ತರ ಅವನಿಗೆ ಹಿಡಿಸಿತ್ತು, ನಮಗೆ ಹಿಡಿಸಿರಲಿಲ್ಲ, ಅಷ್ಟೇ.

ಅನಂತರ ಓದುವಾಗ ಒಬ್ಬ ವಕೀಲರ ಸಂಗತಿ ಸಿಕ್ಕಿತು. ಬಕ್ ಕೋಲ್ಬರ್ಟ್ ಫ್ರಾಂಕ್ಲಿನ್ ಎಂಬ ಈ ಕಪ್ಪು ವಕೀಲರು 1921ರಲ್ಲಿ ಟಲ್ಸಾಕ್ಕೆ ಬಂದು ಕಚೇರಿ ತೆರೆದಿದ್ದರಷ್ಟೆ. ಹೆಂಡತಿ ಮಕ್ಕಳು ಇನ್ನೂ ಬೇರೆ ಊರಿನಲ್ಲಿದ್ದರು. ಕಚೇರಿ ಸುಟ್ಟುಹೋಯಿತು. ಕೂಡಿಹಾಕಿದವರಲ್ಲಿ ಅವರೂ ಒಬ್ಬರು. ಬಿಡುಗಡೆಯಾದ ಮೇಲೆ ಊರಿನ ಆಡಳಿತ ಹೊಸ ನಿಯಮ ತಂದದ್ದು ತಿಳಿಯಿತು: ಸುಟ್ಟ ಜಾಗದಲ್ಲಿ ಮತ್ತೆ ಕಟ್ಟುವುದಾದರೆ ಬೆಂಕಿ ತಾಗದ ಸಾಮಗ್ರಿಯಿಂದಲೇ ಕಟ್ಟಬೇಕು. ಮೇಲುನೋಟಕ್ಕೆ ಜನಹಿತದ ಮಾತು. ಒಳಗೆ, ದುಡ್ಡಿಲ್ಲದವರು ಜಾಗ ಬಿಟ್ಟು ಹೋಗಲಿ, ಆ ಭೂಮಿ ಉದ್ದಿಮೆಗಳಿಗೆ ಸಿಗಲಿ ಎಂಬ ಲೆಕ್ಕ. ಫ್ರಾಂಕ್ಲಿನ್ ಒಂದು ಗುಡಾರ ಹಾಕಿದರು. ಆ ಗುಡಾರದೊಳಗೆ ಮೇಜು, ಕಾನೂನು ಪುಸ್ತಕಗಳು, ಟೈಪ್‌ರೈಟರು, ಜೊತೆಗಾರ ವಕೀಲರು ಮತ್ತು ಕಾರ್ಯದರ್ಶಿ ಕುಳಿತಿರುವ ಛಾಯಾಚಿತ್ರವೊಂದು ಉಳಿದಿದೆ. ನಿಯಮವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿ ಅದನ್ನು ಬೀಳಿಸಿದರು. ಅಷ್ಟರವರೆಗೆ ಸಿಕ್ಕ ಹಲಗೆ, ಪೆಟ್ಟಿಗೆಯ ಚಕ್ಕೆಗಳಿಂದಲೇ ಕಟ್ಟಿರೆಂದು ಜನಕ್ಕೆ ಧೈರ್ಯ ಹೇಳಿದರು. ಗ್ರೀನ್‌ವುಡ್ ಮತ್ತೆ ಎದ್ದು ನಿಂತಿತು, ಡ್ರೀಮ್‌ಲ್ಯಾಂಡ್ ಚಿತ್ರಮಂದಿರವೂ ಸೇರಿ.

ಫ್ರಾಂಕ್ಲಿನ್ ಅವರಿಗೆ ಮುಸುಕಿರಲಿಲ್ಲ. ಸುಟ್ಟ ಕಾನೂನಿನ ಬೂದಿಯಲ್ಲಿಯೇ ಕುಳಿತು, ಅದೇ ಕಾನೂನಿನ ಪುಸ್ತಕ ಬಿಡಿಸಿದವರು. ತಾವು ಕಂಡದ್ದನ್ನು 1931ರಲ್ಲಿ ಹತ್ತು ಪುಟಗಳಲ್ಲಿ ಟೈಪು ಮಾಡಿಟ್ಟರು. ಆಕಾಶದಲ್ಲಿ ಸುತ್ತುತ್ತಿದ್ದ ವಿಮಾನಗಳ ಮಾತೂ ಅದರಲ್ಲಿದೆ. ಆ ಹಸ್ತಪ್ರತಿ ಬೆಳಕಿಗೆ ಬಂದದ್ದು 2015ರಲ್ಲಿ. ಈಗ ಅದು ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಚರಿತ್ರೆಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಅವರ ಮಗ ಜಾನ್ ಹೋಪ್ ಫ್ರಾಂಕ್ಲಿನ್ ಅಮೆರಿಕೆಯ ಅಗ್ರಗಣ್ಯ ಚರಿತ್ರಕಾರರಾದರು. ಹುಡುಗನಿಗೆ ಆ ಗುಡಾರದ ಚಿತ್ರವನ್ನು ಕಳಿಸಿದೆವು. ‘ಇವರ ಮೇಲೆ ಯಾಕ ಸೀರಿಯಲ್ ತೆಗೆದಿಲ್ರಿ?’ ಎಂದು ಉತ್ತರ ಬರೆದ.

ಕಾನೂನು ಗೆಲ್ಲುತ್ತದೆಂದು ಹೇಳಲು ನಾವು ಹೊರಟಿಲ್ಲ. ಹೋಟೆಲು ಸುಟ್ಟುಹೋಗಿ, ದಂಗೆ ಎಬ್ಬಿಸಿದನೆಂಬ ಆರೋಪವನ್ನು ತಾನೇ ಹೊತ್ತು ಊರು ಬಿಟ್ಟ ಸ್ಟ್ರಾಡ್‌ಫರ್ಡ್ ಎಂಬ ಉದ್ಯಮಿಯ ಮೇಲಿನ ಮೊಕದ್ದಮೆ ರದ್ದಾದದ್ದು 1996ರಲ್ಲಿ, ಆತ ಸತ್ತು ಎಷ್ಟೋ ದಶಕಗಳಾದ ಮೇಲೆ. ನೂರು ವರ್ಷ ದಾಟಿದ ಬದುಕುಳಿದವರು ಪರಿಹಾರಕ್ಕಾಗಿ ಹೂಡಿದ ದಾವೆಯನ್ನು ಒಕ್ಲಹೋಮದ ಸರ್ವೋಚ್ಚ ನ್ಯಾಯಾಲಯ 2024ರ ಜೂನ್‌ನಲ್ಲಿ ತಳ್ಳಿಹಾಕಿತು. ಕೇಂದ್ರ ನ್ಯಾಯ ಇಲಾಖೆ 2025ರ ಜನವರಿಯಲ್ಲಿ ವರದಿ ಕೊಟ್ಟಿತು: ಅಪರಾಧ ನಡೆದದ್ದು ನಿಜ, ಮೊಕದ್ದಮೆ ಹೂಡಲು ಈಗ ಯಾರೂ ಬದುಕಿಲ್ಲ.

ಸತ್ತವರನ್ನು ಎಲ್ಲಿ ಹೂಳಿದರೆಂಬುದೂ ಬಹುಕಾಲ ತಿಳಿದಿರಲಿಲ್ಲ. 2020ರಿಂದ ಟಲ್ಸಾ ನಗರದವರು ಓಕ್‌ಲಾನ್ ಸ್ಮಶಾನದಲ್ಲಿ ಅಗೆಯಲು ತೊಡಗಿದರು, ಗುರುತುಕಲ್ಲಿಲ್ಲದ ಪೆಟ್ಟಿಗೆಗಳು ಸಿಕ್ಕವು. 2024ರ ಜುಲೈನಲ್ಲಿ ಮೊದಲನೆಯ ಹೆಸರು ಗೊತ್ತಾಯಿತು: ಸಿ.ಎಲ್. ಡೇನಿಯಲ್, ಜಾರ್ಜಿಯಾ ರಾಜ್ಯದವನು, ಮೊದಲನೆಯ ಮಹಾಯುದ್ಧದ ಕಾಲದ ಸೈನಿಕ. ಮೂಳೆಗಳ ಡಿಎನ್‌ಎ ಪರೀಕ್ಷೆ ಅವನ ವಂಶದವರವರೆಗೆ ದಾರಿ ತೋರಿಸಿತು. ಖಚಿತಪಡಿಸಿದ್ದು ದೆಹಲಿಯ ನಮ್ಮ ಅಭಿಲೇಖಾಲಯದಂಥ ಅಮೆರಿಕೆಯ ರಾಷ್ಟ್ರೀಯ ದಾಖಲೆಮನೆಯಲ್ಲಿ ಸಿಕ್ಕ 1936ರ ಒಂದು ಕಾಗದ. ಸೈನಿಕನ ತಾಯಿಗೆ ಸಿಗಬೇಕಾದ ಸಹಾಯಧನವನ್ನು ಕೇಳಿ ಅವಳ ವಕೀಲ ಸರಕಾರಕ್ಕೆ ಬರೆದದ್ದು. ಮಗ 1921ರಲ್ಲಿ ಟಲ್ಸಾದಲ್ಲಿ ಕೊಲ್ಲಲ್ಪಟ್ಟನೆಂದು ಅದರಲ್ಲಿತ್ತು.